ಕ್ಯಾಪ್ಸೂಲಿನ ಸಿಪ್ಪೆ ಎಲ್ಲಿಂದ ಬರುತ್ತದೆ

ಆ ಎಲುಬಿನ ಮಿಲ್ಲಿನ ತಪಾಸಣೆಗೆ ನಮ್ಮ ಸಾಹೇಬರು ನನ್ನನ್ನೇ ಆರಿಸಿದ್ದಕ್ಕೆ ಒಂದೇ ಕಾರಣ: ನನಗೆ ವಾಸನೆ ಬರುತ್ತಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಗಿನ ಗುಲಬರ್ಗಾದಲ್ಲಿ, ಮಾಲಿನ್ಯ ತಪಾಸಣೆಯ ಒಂದು ಸಣ್ಣ ಕಚೇರಿಯಲ್ಲಿ ನಾನು ಕಿರಿಯ ಇಂಜಿನಿಯರ್ ಆಗಿದ್ದೆ. ಚಳಿಗಾಲದಲ್ಲಿ ಹಿಡಿದ ನೆಗಡಿ ಯುಗಾದಿ ಕಳೆದರೂ ಬಿಟ್ಟಿರಲಿಲ್ಲ. ಮೂಗಿನ ಅಕ್ಕಪಕ್ಕದ ಗೂಡುಗಳಲ್ಲಿ ಕೀವು ಕಟ್ಟಿದೆಯೆಂದು ಹೇಳಿದ ವೈದ್ಯರು ಕೆಂಪು-ಕಪ್ಪು ಕ್ಯಾಪ್ಸೂಲುಗಳನ್ನು ಬರೆದುಕೊಟ್ಟಿದ್ದರು. ಮಲ್ಲಿಗೆ ದಂಡೆಯೂ ಸೀಮೆಎಣ್ಣೆಯೂ ನನ್ನ ಪಾಲಿಗೆ ಒಂದೇ ಆಗಿದ್ದವು.

ಚೌಡಾಪುರ ದಾಟಿ ಅಫಜಲಪುರದ ಕಡೆ ಹೋಗುವ ರಸ್ತೆಯಲ್ಲಿ, ಒಂದು ಹಳ್ಳಿಯ ಅಂಚಿಗೆ ಆ ಮಿಲ್ಲು ಇತ್ತು. ಸತ್ತ ದನಗಳ ಎಲುಬು ತಂದು, ಒಣಗಿಸಿ, ಪುಡಿ ಮಾಡಿ ದೂರದ ಕಾರ್ಖಾನೆಗಳಿಗೆ ಕಳಿಸುವ ಕಸುಬು. ನಾತ ತಡೆಯಲಾಗುತ್ತಿಲ್ಲ, ಬಾವಿ ಕೆಟ್ಟಿದೆ ಎಂದು ಊರಿನವರು ದೂರು ಕೊಟ್ಟಿದ್ದರು. ನನಗಿಂತ ಮೊದಲು ಹೋಗಿದ್ದ ಸಹೋದ್ಯೋಗಿ ಮಿಲ್ಲಿನ ಬಾಗಿಲಲ್ಲೇ ವಾಂತಿ ಮಾಡಿಕೊಂಡು, ಒಳಗೆ ಕಾಲಿಡದೆ ತಿರುಗಿ ಬಂದಿದ್ದ.

"ನೀ ಹೋಗು," ಎಂದರು ಸಾಹೇಬರು. "ನಿನ್ನ ಮೂಗು ಬಂದ್ ಅದ. ನಿನ್ನಷ್ಟು ನಿಷ್ಪಕ್ಷಪಾತ ಮನುಷ್ಯಾ ನಮ್ಮ ಆಫೀಸಿನಾಗ ಯಾರೂ ಇಲ್ಲ."

ಬಸ್ಸಿನಲ್ಲಿ ಕಂಡಕ್ಟರ್ ಆ ಊರು ಬಂತೆಂದು ಕೂಗಲೇ ಇಲ್ಲ. ಎಲ್ಲರೂ ಒಟ್ಟಿಗೆ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡರು, ಇಬ್ಬರು ಎದ್ದು ಬಾಗಿಲ ಕಡೆ ನಡೆದರು. ನಾನು ಮಾತ್ರ ಕಿಟಕಿಗೆ ಮುಖವೊಡ್ಡಿ ಕುಳಿತಿದ್ದೆ. ನನ್ನ ತಿಕೀಟು ನೋಡಿದ್ದ ಕಂಡಕ್ಟರ್ ಹತ್ತಿರ ಬಂದು, "ಏನ್ರಿ, ಇಳಿಯಂಗಿಲ್ಲೇನ್ರಿ? ಊರು ಬಂದದ್ದು ತಿಳೀಲಿಲ್ಲೇನು?" ಎಂದ. "ಹ್ಯಾಂಗ ತಿಳೀಬೇಕ್ರಿ?" ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ದೂರುದಾರರ ಮುಖಂಡರು ನಿವೃತ್ತ ಶಾಲಾ ಮಾಸ್ತರರು. ಬಿಳಿ ಧೋತರ, ಹಣೆಯಲ್ಲಿ ಗಂಧ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಮನೆಯೊಳಗೆ ತರದ ಮನುಷ್ಯ. ನನ್ನನ್ನು ಬಸ್ಸಿನಿಂದ ಇಳಿಸಿಕೊಂಡು ನೇರ ಮಿಲ್ಲಿನ ಗೋಡೆಯ ತನಕ ಕರೆದೊಯ್ದು, "ಈಗ ಹೇಳ್ರಿ" ಎಂದು ನನ್ನ ಎದುರಿಗೆ ನಿಂತರು. ನಾನು ಉಸಿರೆಳೆದೆ. ಏನೂ ಇಲ್ಲ.

"ಏನೂ ಬರಾಕತ್ತಿಲ್ರಿ ಮಾಸ್ತರ್ರ," ಎಂದೆ.

ಅವರ ಮುಖ ಇಳಿದುಹೋಯಿತು. ಮಿಲ್ಲಿನ ಸೇಠ ನಾನು ಬರುವ ಮೊದಲೇ ನನ್ನನ್ನು ಕೊಂಡುಕೊಂಡಿದ್ದಾನೆ ಎಂದುಕೊಂಡರೇನೋ. ನೆಗಡಿಯ ವಿಷಯ ವಿವರಿಸಿದೆ, ಜೇಬಿನಿಂದ ಕ್ಯಾಪ್ಸೂಲಿನ ಪಟ್ಟಿ ತೆಗೆದು ತೋರಿಸಿದೆ. "ಅಂದ್ರ ಸರಕಾರ ನಮಗ ಮೂಗಿಲ್ಲದ ಸಾಹೇಬನ್ನ ಕಳಸ್ಯದ," ಎಂದು ಮಾಸ್ತರರು ಹಣೆ ಚಚ್ಚಿಕೊಂಡರು. ಸಂಜೆಯೊಳಗೆ ಊರಿಗೆಲ್ಲ ನಾನು 'ಮೂಗಿಲ್ಲದ ಸಾಹೇಬ'ನಾಗಿದ್ದೆ.

ಮಿಲ್ಲಿನ ಸೇಠ ಗಡಿಯಾಚೆಯವನು. ದುಂಡು ಮೈ, ದುಂಡು ಟೊಪ್ಪಿಗೆ. ಕನ್ನಡವನ್ನು ಮರಾಠಿಯಲ್ಲಿ ಅದ್ದಿ ತೆಗೆದು ಮಾತಾಡುತ್ತಿದ್ದ. ನನಗೆ ವಾಸನೆ ಬರುವುದಿಲ್ಲವೆಂಬ ಸುದ್ದಿ ಅವನಿಗೆ ಬಹಳ ಸಂತೋಷ ಕೊಟ್ಟಿತ್ತು. ಅಂಗಳದ ತುಂಬ ಎಲುಬಿನ ಗುಡ್ಡೆಗಳು. ಆಳಂದದ ಕಡೆ ಸರಸಂಬಾದಿಂದ, ಜೇವರ್ಗಿಯ ಕಡೆ ಕೊಳಕೂರದಿಂದ ಕೂಡ ಚಕ್ಕಡಿಗಳು ಬರುತ್ತಿದ್ದವು. ಕೆಲವು ಎಲುಬು ಬಿಸಿಲಿಗೆ ಬೆಳ್ಳಗೆ ಒಣಗಿದ್ದವು, ಕೆಲವಕ್ಕೆ ಇನ್ನೂ ಮಾಂಸ ಅಂಟಿತ್ತು. ಎಲ್ಲವೂ ಬರಿ ಮಣ್ಣಿನ ಮೇಲೆ. ಅಂಗಳದ ಇಳಿಜಾರಿಗೆ, ಗೋಡೆಯಾಚೆ, ಪಕ್ಕದ ಓಣಿಯವರ ಮೆಟ್ಟಿಲು ಬಾವಿ. ವಾಸನೆ ಬರದ ನನಗೂ ಅಷ್ಟು ಮಾತ್ರ ಕಾಣಿಸಿತು.

"ಅರೆ ಬಾಬಾ, ಇದು ಹೊಲಸಲ್ಲ, ಮಾಲು!" ಎಂದ ಸೇಠ. "ನಾ ಇಲ್ಲಂದ್ರ ಈ ದೇಶದ ದವಾಖಾನಿ ಬಂದ್ ಆಗ್ತಾವ, ಗೊತ್ತದ?"

ಬಡಾಯಿ ಎಂದುಕೊಂಡು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಾಸನೆಯನ್ನು ಅಳೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಇದ್ದ ಒಂದೇ ದಾರಿ, ಬೇರೆಯವರ ಮೂಗಿನಿಂದ ಅಳೆಯುವುದು. ಗಾಳಿಯ ದಿಕ್ಕಿಗೆ ಒಂದಷ್ಟು ದೂರಕ್ಕೊಬ್ಬರಂತೆ ಜನರನ್ನು ನಿಲ್ಲಿಸಿ, ಸಣ್ಣ ನಾತವೋ ದೊಡ್ಡದೋ ಎಂದು ಕೇಳುತ್ತಾ ಹೋಗಬೇಕು. ಮಿಲ್ಲಿನ ಕೂಲಿಗಳನ್ನು ನಿಲ್ಲಿಸಿದರೆ "ಏನೂ ಇಲ್ರಿ" ಎಂದರು. ಮಾಸ್ತರರ ಕಡೆಯವರನ್ನು ನಿಲ್ಲಿಸಿದರೆ, ಗಾಳಿ ನಾತವನ್ನು ಒಯ್ಯದ ಕಡೆ ನಿಂತವರೂ "ಸತ್ತೇವ್ರಿ" ಎಂದರು. ಒಬ್ಬಾತ ನಾನು ಕೇಳುವುದಕ್ಕೆ ಮೊದಲೇ ಮೂರ್ಛೆ ಹೋದ, ಚಹಾ ತರಿಸಿದ ಕೂಡಲೇ ಎದ್ದು ಕುಳಿತ. ಆ ಸಮೀಕ್ಷೆಯನ್ನು ಅಲ್ಲಿಗೇ ಬಿಟ್ಟೆ.

ಇನ್ನು ಉಳಿದದ್ದು ನೀರು. ನೀರು ಸುಳ್ಳು ಹೇಳುವುದಿಲ್ಲ, ಆದರೆ ಅದನ್ನು ಗುಲಬರ್ಗಾದ ಪ್ರಯೋಗಶಾಲೆಯ ತನಕ ಕೆಡದಂತೆ ಒಯ್ಯಬೇಕು. ಬಾವಿಯ ಮೆಟ್ಟಿಲಿಳಿದು, ಗಾಜಿನ ಮುಚ್ಚಳದ ಬಾಟಲಿಗಳನ್ನು ಗಾಳಿಯ ಗುಳ್ಳೆ ಸೇರದಂತೆ ನೀರಿನೊಳಗೇ ತುಂಬಿಸಿ ಮುಚ್ಚಿದೆ. ಐಸ್‌ಕ್ಯಾಂಡಿ ಮಾರುವವನಿಂದ ಬರ್ಫ ಕೊಂಡು, ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ, ಡಬ್ಬಿಯಲ್ಲಿ ಬಾಟಲಿ ಇಟ್ಟು ಗೋಣಿ ಸುತ್ತಿದೆ. ಬಸ್ಸು ಚೌಡಾಪುರ ದಾಟಿದ ಮೇಲೆ ಕೆಟ್ಟು ನಿಂತಿತು. ಬಿಸಿಲಿಗೆ ಬರ್ಫ ಕರಗಿ ಗೋಣಿಯಿಂದ ತೊಟ್ಟಿಕ್ಕತೊಡಗಿತು. ಡಬ್ಬಿ ತೆರೆದು ಬಾಟಲಿಗಳನ್ನು ನೋಡುತ್ತಿದ್ದೆ, ಅಷ್ಟರಲ್ಲಿ ಪಕ್ಕದ ಸೀಟಿನ ಮುದುಕಿ ಕೈಯೊಡ್ಡಿದಳು.

"ಗಾಣಗಾಪುರದ ತೀರ್ಥೇನೋ ಯಪ್ಪಾ? ಒಂದ್ ಹನಿ ಕೊಡು."

ಆ ಬಸ್ಸಿನ ತುಂಬ ಗಾಣಗಾಪುರದ ದತ್ತನ ದರ್ಶನ ಮುಗಿಸಿ ಚೌಡಾಪುರದಲ್ಲಿ ಹತ್ತಿದವರೇ. ನಾನು ಅಲ್ಲವೆನ್ನುವಷ್ಟರಲ್ಲಿ ಮುದುಕಿ ಮುಚ್ಚಳ ತೆಗೆದು ತಲೆಗೆ ಚಿಮುಕಿಸಿಕೊಂಡಳು. ಹಿಂದಿನ ಸೀಟಿನವರೂ ಕೈ ಚಾಚಿದರು. "ಕುಡೀಬ್ಯಾಡ್ರಿ, ಕುಡೀಬ್ಯಾಡ್ರಿ!" ಎಂದು ನಾನು ಕಿರುಚಿದ್ದನ್ನು ಜಿಪುಣತನ ಎಂದು ತಿಳಿದರು. ಕೊನೆಗೆ ಮುದುಕಿ ತನ್ನ ಸೆರಗು ಮೂಸಿ ನೋಡಿಕೊಂಡು ಕಣ್ಣರಳಿಸಿ ಕೇಳಿದಳು: "ಇದ್ಯಾವ ದೇವರದೋ?"

ಹೀಗೆ ಮೊದಲ ಮಾದರಿಗಳು ಮಣ್ಣುಪಾಲಾದವು.

ಸಾಹೇಬರು ಮಾಸ್ತರರನ್ನೂ ಸೇಠನನ್ನೂ ಎದುರುಬದುರು ಕೂರಿಸಿ ಕೇಳು ಎಂದರು. ಊರ ಶಾಲೆಯ ಪಡಸಾಲೆಯಲ್ಲಿ ವಿಚಾರಣೆ ಇಟ್ಟೆ. ಊರಿನ ಅರ್ಧ ಜನ ಬಂದಿದ್ದರು. ಮಾಸ್ತರರು ಎದ್ದು ನಿಂತು, ಪಾಠ ಮಾಡುವ ಶೈಲಿಯಲ್ಲಿ, ನಾತದಿಂದ ಹಿಡಿದು ಹದ್ದುಗಳು ತುಳಸಿ ಕಟ್ಟೆಯ ಮೇಲೆ ಎಲುಬು ಬೀಳಿಸಿದ್ದರ ತನಕ ಹೇಳಿದರು. "ಇಂಥ ಹೊಲಸು ವಸ್ತು ನಮ್ಮ ಊರಿನ ಸೀಮಿಯೊಳಗ ಬರಬಾರ್ದು!" ಎಂದು ಮುಗಿಸಿದರು. ಜನ ಚಪ್ಪಾಳೆ ತಟ್ಟಿದರು.

ಸೇಠನ ಮುಖ ಕೆಂಪಾಯಿತು. ಅವನು ಎದ್ದು ನನ್ನ ಮೇಜಿನ ಮೇಲಿದ್ದ ಕ್ಯಾಪ್ಸೂಲಿನ ಪಟ್ಟಿಯನ್ನು ಎತ್ತಿ ಹಿಡಿದ.

"ಸೀಮಿಯೊಳಗ ಬರಬಾರ್ದೇನು ಮಾಸ್ತರ? ಇದು ಏನು? ನನ್ನ ಎಲುಬು ಎಲ್ಲಿ ಹೋಗ್ತಾವ ಗೊತ್ತದೇನು? ಕಾರ್ಖಾನಿಗಿ ಹೋಗ್ತಾವ. ತೇಜಾಬದಾಗ, ಅಂದ್ರ ಆಸಿಡ್ಡಿನಾಗ, ನೆನೀ ಹಾಕ್ತಾರ, ಸುಣ್ಣದಾಗ ಇಡ್ತಾರ, ಕುದಸ್ತಾರ. ಗೋಂದ ಆಗ್ತದ. ಆ ಗೋಂದದಿಂದ ಈ ಗುಳಿಗಿ ಸಿಪ್ಪಿ! ನಿಮ್ಮ ಮನ್ಯಾಗ ಎಲ್ಲಾರೂ ನುಂಗೀರಿ. ನಾ ಒಂದ್ ಸಲ ಕಾರ್ಖಾನಿ ಒಳಗ ಹೋಗಿ ಕಣ್ಣಾರೆ ನೋಡಿ ಬಂದೇನಿ!"

ಎಲ್ಲರೂ ಮೊದಲು ಪಟ್ಟಿಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಅದೇ ತಾನೆ, ಅವರೆಲ್ಲರ ಎದುರಿಗೆ, ಮಧ್ಯಾಹ್ನದ ಕ್ಯಾಪ್ಸೂಲು ನುಂಗಿದ್ದೆ.

"ಖರೇ ಏನ್ರಿ ಸಾಹೇಬ್ರ?" ಎಂದರು ಮಾಸ್ತರರು.

ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಜೆಲಟಿನ್. ಎಲುಬು ಮತ್ತು ತೊಗಲಿನಿಂದ ಬರುವಂಥದ್ದು. "ಹೌದ್ರಿ," ಎಂದೆ. ಇನ್ನೇನು ಹೇಳುವುದು?

ಮಾಸ್ತರರು ಜೇಬಿಗೆ ಕೈ ಹಾಕಿ, ಹೆಂಡತಿಯ ಜ್ವರಕ್ಕೆಂದು ದವಾಖಾನೆಯಿಂದ ತಂದಿದ್ದ ಒಂದು ಕ್ಯಾಪ್ಸೂಲನ್ನು ಎರಡು ಬೆರಳಲ್ಲಿ ಚೇಳು ಹಿಡಿದಂತೆ ಹಿಡಿದು ಹೊರಗೆ ಎಸೆದು, "ಶಿವ ಶಿವಾ" ಎನ್ನುತ್ತಾ ಸ್ನಾನಕ್ಕೆ ಓಡಿದರು. ವಿಚಾರಣೆ ಮುಗಿಯಿತು.

ಮರುವಾರ ನಾನು ಮತ್ತೆ ಊರಿಗೆ ಹೋದಾಗ ಬಸ್ ನಿಲ್ದಾಣದಲ್ಲೇ ಒಬ್ಬರು ನನಗಾಗಿ ಕಾದಿದ್ದರು. ಊರಿನ ಸರಕಾರಿ ದವಾಖಾನೆಯ ಲೇಡಿ ಡಾಕ್ಟರು, ಊರವರ ಬಾಯಲ್ಲಿ 'ಡಾಕ್ಟರ್ ಬಾಯಾರು'. ನನಗಿಂತ ಹತ್ತು ವರ್ಷ ಹಿರಿಯರು. ಜೇವರ್ಗಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಡಾಕ್ಟರ್ ಆದವರು. ಅವರು ಬೈಯಲು ಶುರು ಮಾಡಿದರೆ ದವಾಖಾನೆಯ ಆಡು ಕೂಡ ಮೆಲುಕು ನಿಲ್ಲಿಸುತ್ತಿತ್ತು.

"ಪರಿಸರದ ಸಾಹೇಬ್ರು ನೀವೇ ಏನ್ರಿ? ಬರ್ರಿ ಇಲ್ಲಿ. ನಿಮ್ಮ ಪರಿಸರ ನಮ್ಮ ಗಟಾರದಾಗ ಬಂದು ಕುಂತದ."

ದವಾಖಾನೆಯ ಹಿಂದೆ ಕರೆದೊಯ್ದರು. ಗಟಾರದ ತುಂಬ ಬಣ್ಣ. ಕೆಂಪು, ಹಳದಿ, ಕಪ್ಪು, ಹಸಿರು. ಊರಿನವರು ಯಾರೂ ಕ್ಯಾಪ್ಸೂಲು ನುಂಗುತ್ತಿರಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೇ ಕುಳಿತು, ಸಿಪ್ಪೆ ಬಿಚ್ಚಿ, ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕಿ, ಸಿಪ್ಪೆಯನ್ನು ಗಟಾರಕ್ಕೆ ಎಸೆಯುತ್ತಿದ್ದರು. ಸಿಪ್ಪೆಗಳು ನೀರಲ್ಲಿ ಉಬ್ಬಿ, ಒಂದಕ್ಕೊಂದು ಅಂಟಿ, ಹಲ್ವಾದ ಹಾಗೆ ಮುದ್ದೆಯಾಗಿದ್ದವು. ಅದಕ್ಕೆ ಹತ್ತಿ, ಬ್ಯಾಂಡೇಜು, ಕಸ ಸಿಕ್ಕಿಕೊಂಡು ಗಟಾರ ಕಟ್ಟಿ, ಕೊಳಕು ನೀರು ಅಂಗಳಕ್ಕೆ ಹರಿದಿತ್ತು. ಓಣಿಯ ಕೋಳಿಗಳು ಆ ಮುದ್ದೆಯನ್ನು ಕುಕ್ಕುತ್ತಿದ್ದವು. ಒಂದು ಹುಂಜದ ಕೊಕ್ಕು ಹಸಿರಾಗಿತ್ತು.

"ನಕ್ಕೀರಿ ಅಂದ್ರ ನೋಡ್ರಿ," ಎಂದರು ಬಾಯಾರು. "ಅರ್ಧ ಪುಡಿ ನೆಲಕ್ಕ ಬೀಳ್ತದ, ಅರ್ಧ ಗಂಟ್ಲಾ ಸುಡ್ತದ. ಯಾರ ಹೊಟ್ಟಿಗಿ ಎಷ್ಟು ಔಷಧಾ ಹೋಯ್ತು ನನಗ ತಿಳಿಯಂಗಿಲ್ಲ. ಮಾಸ್ತರ್ರ ಹೆಂಡ್ತಿಗಿ ವಿಷಮಜ್ವರ. ಮಾಸ್ತರ್ರು ಸಿಪ್ಪಿ ಒಡದು ಪುಡಿ ಜೇನಿನಾಗ ಕೊಡಾಕತ್ತಾರ. ಅದು ಬೇವಿಗಿಂತಾ ಕಹಿ. ಆಕಿ ಎಲ್ಲಾ ಕಾರ್ತಾಳ. ಜ್ವರಾ ಇಳಿವಲ್ಲದು. ಅವ್ವ ಹೋದ್ಲಂದ್ರ ಯಾರ್ ಜವಾಬ್ದಾರಿ?"

ಮೊದಲ ಬಾರಿಗೆ ನನಗೆ ನಗು ಬರಲಿಲ್ಲ. ಸಿರಪ್ಪು ಇಲ್ಲವೇ ಎಂದೆ. ದವಾಖಾನೆಯಲ್ಲಿ ಮುಗಿದಿತ್ತು, ಅಫಜಲಪುರದ ಅಂಗಡಿಯಲ್ಲೂ ಇರಲಿಲ್ಲ.

ಇಬ್ಬರೂ ಮಾಸ್ತರರ ಮನೆಗೆ ಹೋದೆವು. ಮಾಸ್ತರರು ನಡುಮನೆಯಲ್ಲಿ ಕುಳಿತು ಕ್ಯಾಪ್ಸೂಲು ಬಿಚ್ಚುತ್ತಿದ್ದರು. ಸಿಪ್ಪೆ ತಾಗದಂತೆ ಎರಡು ಚಮಚಗಳಲ್ಲಿ ಹಿಡಿದು ಎಳೆಯುವ ಸಾಹಸ. ಚಮಚ ಜಾರಿ ಪುಡಿಯೆಲ್ಲ ಧೋತರದ ಮೇಲಿತ್ತು. ಒಳಗೆ ಹಾಸಿಗೆಯಲ್ಲಿ ಅವರ ಹೆಂಡತಿ, ಒಣಗಿದ ತುಟಿ, ಕೆಂಡದಂಥ ಮೈ.

ಬಾಯಾರು ಅವರ ಹಣೆ ಮುಟ್ಟಿ ನೋಡಿ ಏನೂ ಮುಚ್ಚಿಡದೆ ಹೇಳಿದರು. "ಅವ್ವಾ, ಸಿಪ್ಪಿ ಎಲುಬಿನಿಂದ ಮಾಡಿದ್ದು ಖರೇ. ತೇಜಾಬ, ಸುಣ್ಣದಾಗ ತೊಳದು, ಕುದಿಸಿ ತಗದಿದ್ದು. ನಿಮಗ ಸುಳ್ಳು ಹೇಳಂಗಿಲ್ಲ. ಆದ್ರ ಇದನ್ನ ಇಡೀ ನುಂಗಿದ್ರ ಮಾತ್ರ ಜ್ವರಾ ಇಳೀತದ."

"ಬ್ಯಾರೆ ದಾರಿ ಹುಡುಕ್ರಿ," ಎಂದರು ಮಾಸ್ತರರು. "ನಮ್ಮ ಮನಿತನದಾಗ..."

"ನೀವು ಸುಮ್ಮ ಇರ್ರಿ," ಎಂದಿತು ಹಾಸಿಗೆಯ ದನಿ. ಮಾಸ್ತರರು ಸುಮ್ಮನಾದರು. ಆ ವೇಗ ನೋಡಿದರೆ ಅದು ಹಳೆಯ ಅಭ್ಯಾಸವೆಂದು ತಿಳಿಯುತ್ತಿತ್ತು. "ಜ್ವರಾ ನನಗ ಬಂದದ, ನಿಮಗಲ್ಲ. ಹುಟ್ಟಿದಾಗಿಂದ ಎತ್ತಿನ ಹೆಗಲ ಮ್ಯಾಲಿಂದ ಬಂದ ಜ್ವಾಳಾ ಉಂಡೇನಿ. ಸತ್ತ ಮ್ಯಾಲೂ ಅದು ನನಗ ಔಷಧಾ ಹೊತ್ಕೊಂಡು ಬಂದದ ಅಂದ್ರ ಬ್ಯಾಡ ಅನ್ಲೇನು? ಡಾಕ್ಟರ್ ಬಾಯಿ, ನೀರು ಕೊಡ್ರಿ. ಮಡಿ ಆಮ್ಯಾಲ ನೋಡ್ಕೋತೇನಿ."

ನುಂಗಿದರು. ಮಾಸ್ತರರು ಗೋಡೆಯ ಕಡೆ ತಿರುಗಿ ಕುಳಿತಿದ್ದರು. ಅವರ ಭುಜ ಅಲ್ಲಾಡುತ್ತಿತ್ತು. ಅಳುವೋ ಸಿಟ್ಟೋ ನನಗೆ ತಿಳಿಯಲಿಲ್ಲ. ಆ ವಾರದ ಕೊನೆಗೆ ಜ್ವರ ಇಳಿಯಿತು. 'ಮಾಸ್ತರ್ರ ಮನ್ಯಾಗೇ ನುಂಗ್ಯಾರಂತ' ಎಂಬ ಸುದ್ದಿ ಹರಡಿದ ಮೇಲೆ ಊರಿನವರೂ ಒಬ್ಬೊಬ್ಬರಾಗಿ ಸಿಪ್ಪೆ ಸಮೇತ ನುಂಗತೊಡಗಿದರು. ಮೊದಮೊದಲು ಕಣ್ಣು ಮುಚ್ಚಿಕೊಂಡು, ಆಮೇಲೆ ಕಣ್ಣು ತೆರೆದು. ಗಟಾರವನ್ನು ಮಾತ್ರ ನಾನೂ ದವಾಖಾನೆಯ ಜವಾನನೂ ಸೇರಿ ಬಿಸಿನೀರು ಸುರಿದು ಕರಗಿಸಬೇಕಾಯಿತು.

ನನ್ನ ಕ್ಯಾಪ್ಸೂಲುಗಳೂ ಅಷ್ಟರಲ್ಲಿ ಕೆಲಸ ಮಾಡಿದ್ದವು. ಒಂದು ಮುಂಜಾನೆ ಮಿಲ್ಲಿನ ಅಂಗಳದಲ್ಲಿ ಎಲುಬಿನ ಗುಡ್ಡೆಗಳ ಅಳತೆ ತೆಗೆದುಕೊಳ್ಳುತ್ತಿದ್ದೆ. ಮೂಗಿನೊಳಗೆ ಏನೋ ಟಿಕ್ ಎಂದಂತಾಯಿತು. ಒಂದು ಕ್ಷಣ ತಲೆ ಹಗುರವೆನಿಸಿತು. ಮರುಕ್ಷಣ ಆ ನಾತ.

ಅದನ್ನು ವರ್ಣಿಸಲು ನನ್ನಿಂದ ಆಗುವುದಿಲ್ಲ. ಅಳತೆ ಪಟ್ಟಿ ಕೈಬಿಟ್ಟು ಗೇಟಿನ ತನಕ ಓಡಿದೆ. ಅಲ್ಲಿ ನಿಲ್ಲಲಾಗದೆ ರಸ್ತೆಯ ತನಕ ಓಡಿದೆ. ಬೇವಿನ ಮರದ ಕೆಳಗೆ ಬಗ್ಗಿ ನಿಂತಿದ್ದಾಗ ಮಾಸ್ತರರು ಸೈಕಲ್ಲಿನಿಂದ ಇಳಿದು ಓಡಿ ಬಂದರು.

"ಬಂತೇನ್ರಿ?"

"ಬಂತ್ರಿ," ಎಂದೆ.

ಅವರು ನನ್ನ ಬೆನ್ನು ಸವರುತ್ತಾ, ಜಾತ್ರೆಯಲ್ಲಿ ಕಳೆದುಹೋದ ಮಗ ಸಿಕ್ಕವರಂತೆ ಕಣ್ಣು ಒರೆಸಿಕೊಂಡರು.

ಅದೇ ಸಿಟ್ಟಿನಲ್ಲಿ ಗುಲಬರ್ಗಾಕ್ಕೆ ಹೋಗಿ, ಸಾಹೇಬರ ಸಹಿ ಮಾಡಿಸಿ, ಮಿಲ್ಲು ನಿಲ್ಲಿಸುವ ಆದೇಶ ತಂದು ಗೇಟಿಗೆ ಅಂಟಿಸಿದೆ. ಸೇಠ ಬೀಗ ಹಾಕಿ ತನ್ನ ಊರಿಗೆ ಹೋದ. ಮಾಸ್ತರರು ಪೇಢೆ ಹಂಚಿದರು. ಕೆಲಸ ಮುಗಿಯಿತು ಎಂದುಕೊಂಡೆ.

ಆದರೆ ಸರಸಂಬಾದಲ್ಲಿ, ಕೊಳಕೂರದಲ್ಲಿ ನನ್ನ ಆದೇಶವನ್ನು ಯಾರೂ ಓದಿರಲಿಲ್ಲ. ಚಕ್ಕಡಿಗಳು ಮೊದಲಿನಂತೆಯೇ ಬಂದವು. ಗೇಟು ಮುಚ್ಚಿದೆ ಎಂದು ನೋಡಿ, ತುಂಬಿದ ಗಾಡಿಯನ್ನು ಮರಳಿ ಒಯ್ಯಲಾಗದೆ, ರಸ್ತೆಯ ಬದಿಗೆ ಸುರಿದು ಹೋದರು. ಮೊದಲು ಊರಿನ ಅಂಚಿಗೆ, ಆಮೇಲೆ ಬಸ್ ನಿಲ್ಲುವ ಕಟ್ಟೆಯ ಸುತ್ತ. ನಾಯಿಗಳು ಆ ಎಲುಬನ್ನು ಊರ ತುಂಬ ಹಂಚಿದವು. ಮೊದಲು ಒಂದು ಕಡೆ ಇದ್ದ ನಾತ ಈಗ ಮನೆಮನೆಗೆ ಹೋಗುತ್ತಿತ್ತು. ಗುಡಿಯ ಹೊಸ್ತಿಲ ಮೇಲೆ ದವಡೆಯ ಎಲುಬೊಂದು ಸಿಕ್ಕಿದಾಗ ಮಾಸ್ತರರು ಗುಲಬರ್ಗಾದ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕುಳಿತು ಎಲ್ಲ ಹೇಳಿದರು.

ನಾನು ಓಡಿ ಹೋದೆ. ನಿಲ್ದಾಣದ ಹತ್ತಿರ ಒಬ್ಬ ಹೆಂಗಸು ಚಕ್ಕಡಿಯಿಂದ ಎಲುಬು ಇಳಿಸುತ್ತಿದ್ದಳು. ಕೈಗೆ ಹಸಿರು ಬಳೆ, ಬಾಯಲ್ಲಿ ಎಲೆಯಡಿಕೆ. ಗಂಡ ಎತ್ತು ಹಿಡಿದು ನಿಂತಿದ್ದ. "ಇಲ್ಲಿ ಹಾಕಬ್ಯಾಡ್ರಿ, ಮಿಲ್ ಬಂದ್ ಅದ," ಎಂದೆ.

"ಮಿಲ್ ಬಂದ್ ಮಾಡಿದವರು ನೀವೇ ಏನ್ರಿ? ಚಲೋ ಆತು," ಎಂದಳು. ಕೆಲಸ ನಿಲ್ಲಿಸಲಿಲ್ಲ. "ದನಗೋಳಿಗೂ ಒಂದ್ ಮಾತು ಹೇಳಿ ಬಿಡ್ರಿ, ಸಾಯಬ್ಯಾಡ್ರಿ ಅಂತ."

ಅವಳ ಗಂಡ ನಕ್ಕ. ಎತ್ತು ಕೂಡ ತಲೆಯಾಡಿಸಿತು. ನಾನು ಎಲೆ ಉದುರಿದ ಗಿಡದ ಬುಡದಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ. ಬಾಗಿಲು ಮುಚ್ಚುವುದು ಸುಲಭವಿತ್ತು. ಸಾಹೇಬರಿಗೂ ಅದೇ ಬೇಕಿತ್ತು, ಕಡತ ಮುಗಿಯುತ್ತಿತ್ತು. ಆದರೆ ಎಲುಬು ಇರುವ ತನಕ ಅದು ಎಲ್ಲಿಯಾದರೂ ಇರಲೇಬೇಕು, ದವಾಖಾನೆಗೆ ಕ್ಯಾಪ್ಸೂಲೂ ಬೇಕು. ಹಾಗಾದರೆ ಅದು ಮಣ್ಣಿನ ಮೇಲೆ, ಬಾವಿಯ ನೆತ್ತಿಯ ಮೇಲೆ ಇರಬಾರದು, ಅಷ್ಟೇ.

ಷರತ್ತು ಹಾಕಿ ಮಿಲ್ಲು ತೆರೆಸೋಣ ಎಂದಾಗ ಸಾಹೇಬರು ಎರಡು ಸಲ ಬೈದರು. ಮೂರನೆಯ ಸಲ "ನಿನ್ನ ಮೂಗು ಮೊದಲೇ ಚಲೋ ಇತ್ತು" ಎಂದು ಗೊಣಗಿ ಸಹಿ ಮಾಡಿದರು. ಷರತ್ತು ಇಷ್ಟು: ಅಂಗಳಕ್ಕೆಲ್ಲ ಶಹಾಬಾದಿ ಫರಸಿ ಕಲ್ಲು ಹಾಸಬೇಕು, ಸಂದಿಗೆ ಸಿಮೆಂಟು ತುಂಬಬೇಕು. ಮೇಲೆ ಪತ್ರಾಸಿನ, ಅಂದರೆ ತಗಡಿನ, ಮಾಡು. ಮಾಂಸ ಅಂಟಿದ ಹಸಿ ಎಲುಬು ಗೇಟಿನೊಳಗೆ ಬರಕೂಡದು. ನೆಲ ತೊಳೆದ ನೀರು ಬಾವಿಯಿಂದ ದೂರದ ಸುಣ್ಣದ ಗುಂಡಿಗೆ ಹೋಗಬೇಕು. ಕೆಟ್ಟ ಬಾವಿಯನ್ನು ಸೇಠನೇ ಖಾಲಿ ಮಾಡಿಸಿ ಹೂಳು ತೆಗೆಸಬೇಕು. ಇವೆಲ್ಲ ಮುಂಗಾರು ಹಿಡಿಯುವ ಮಿರಗಿನ ಮಳೆಗೆ ಮುಂಚೆ ಆಗಬೇಕು.

ಸೇಠ ಬಾವಿಯ ಕಟ್ಟೆಗೆ ಬಂದ, ಕೇಳಿದ, ಟೊಪ್ಪಿಗೆ ತೆಗೆದು ನೆಲಕ್ಕೆ ಹಾಕಿದ. "ಬಾವಿ ನನ್ನಿಂದ ಕೆಟ್ಟದ ಅಂತ ಏನು ಸಬೂತು? ನಿಮ್ಮ ನೀರು ಬಸ್ಸಿನಾಗ ತೀರ್ಥ ಆಗಿ ಹೋಯ್ತಂತ!"

ಈ ಸಲ ನಾನು ನೀರನ್ನು ಎಲ್ಲಿಗೂ ಒಯ್ಯಲಿಲ್ಲ. ಪರೀಕ್ಷೆಯ ಮೊದಲ ಹೆಜ್ಜೆಯನ್ನು ಬಾವಿಯ ಕಟ್ಟೆಯ ಮೇಲೇ ಮಾಡಿದೆ. ನೀರಿನಲ್ಲಿ ಕರಗಿದ ಗಾಳಿ ಇದೆಯೋ ಇಲ್ಲವೋ ಎಂದು ತೋರಿಸುವ ಎರಡು ದ್ರಾವಣ ನಮ್ಮಲ್ಲಿದ್ದವು. ಒಂದರ ಹಿಂದೊಂದು ಬಾಟಲಿಯ ತಳಕ್ಕೆ ಬಿಟ್ಟು, ಮುಚ್ಚಳ ಒತ್ತಿ, ಮೇಲೆ ಕೆಳಗೆ ತಿರುಗಿಸಬೇಕು. ಗಾಳಿ ಇದ್ದರೆ ಕಂದು ಬಣ್ಣದ ಹಿಂಜಿದ ಅರಳೆಯಂಥದ್ದು ಕೂರುತ್ತದೆ, ಇಲ್ಲದಿದ್ದರೆ ಬಿಳಿ. ಒಂದು ಬಾಟಲಿಯಲ್ಲಿ ಮಾಸ್ತರರ ಹೊಲದ ಬಾವಿಯ ನೀರು. ಓಣಿಯ ಹೆಂಗಸರು ಈಗ ಅಷ್ಟು ದೂರ ನಡೆದು ಅಲ್ಲಿಂದಲೇ ಕೊಡ ಹೊತ್ತು ತರುತ್ತಿದ್ದರು. ಇನ್ನೊಂದರಲ್ಲಿ ಮಿಲ್ಲಿನ ಪಕ್ಕದ ಬಾವಿಯದು. ಊರು ಸುತ್ತುಗಟ್ಟಿ ನಿಂತಿತು.

ಮಾಸ್ತರರ ಬಾಟಲಿಯಲ್ಲಿ ಕಡು ಕಂದು ಕೂತಿತು. ಮಿಲ್ಲಿನ ಬಾವಿಯದರಲ್ಲಿ ಹಾಲಿನಂಥ ಬಿಳಿ.

ಸೇಠ ಕೈ ತಟ್ಟಿ ಕುಣಿದ. "ನೋಡ್ರಿ! ನಂದು ಶುಭ್ರ! ಮಾಸ್ತರದು ಕೊಳಕು!"

ಜನ ಗುಜುಗುಜು ಎಂದರು. ಮಾಸ್ತರರ ಮುಖ ಬಿಳಿಚಿತು. "ತಿರುವು ಮುರುವು ಅದ, ಬಿಳೇದು ಅಂದ್ರ ನೀರಿಗಿ ಉಸಿರಿಲ್ಲ, ಕೊಳತದ ಅಂತ," ಎಂದು ನಾನು ಕೂಗಿದೆ. ಯಾರೂ ನಂಬಲಿಲ್ಲ. ಬಿಳಿ ಕೆಟ್ಟದ್ದು, ಕಂದು ಒಳ್ಳೆಯದು ಎಂದರೆ ಯಾರು ನಂಬುತ್ತಾರೆ? ನಾನು ರಸಾಯನಶಾಸ್ತ್ರ ಹೇಳಿದಷ್ಟೂ ನನ್ನ ಬೆಲೆ ಇಳಿಯುತ್ತಿತ್ತು.

ಆಗ ಗುಂಪಿನಿಂದ ಆ ಚಕ್ಕಡಿಯ ಹೆಂಗಸು ಮುಂದೆ ಬಂದಳು. ಅವಳಿಗೆ ಮಿಲ್ಲು ತೆರೆಯಬೇಕಿತ್ತು, ನಮ್ಮ ವಾದ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು. ಅವಳು ಮೆಟ್ಟಿಲಿಳಿದು, ಮಿಲ್ಲಿನ ಬಾವಿಯಿಂದ ಒಂದು ತಂಬಿಗೆ ನೀರು ತುಂಬಿ ತಂದು ಸೇಠನ ಮುಂದೆ ಹಿಡಿದಳು.

"ಬಿಳೇದು ಚಲೋ ಅಂದ್ರಲ್ರಿ ಸಾವಕಾರ್ರ. ಕುಡೀರಿ. ಬಿಸಿಲಾಗ ಬಂದೀರಿ."

ಸೇಠ ತಂಬಿಗೆ ತೆಗೆದುಕೊಂಡ. ತುಟಿಯ ತನಕ ತಂದ. ನಿಂತ. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು. ಅವನ ಮೂಗಿನ ಹೊಳ್ಳೆಗಳು ಎರಡು ಸಲ ಅರಳಿ ಮುಚ್ಚಿದವು. ಆಮೇಲೆ ಅವನು ತಂಬಿಗೆಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಟೊಪ್ಪಿಗೆ ಎತ್ತಿ ತಲೆಗೆ ಹಾಕಿಕೊಂಡು ನನ್ನ ಕಡೆ ತಿರುಗಿದ.

"ಫರಸಿ ಎಷ್ಟು ಬ್ರಾಸ್ ಬೇಕು, ಹೇಳ್ರಿ," ಎಂದ.

ಫರಸಿ ಬಂತು, ಪತ್ರಾಸು ಬಂತು. ಬಾವಿಗೆ ಡೀಸೆಲ್ ಪಂಪು ಇಟ್ಟ ದಿನ ಹೊಸ ತಕರಾರು. ಆ ನೀರನ್ನು ಎಲ್ಲಿ ಬಿಡುವುದು? ಹಳ್ಳಕ್ಕೆ ಬಿಟ್ಟರೆ ಅದು ಭೀಮೆಗೆ ಹೋಗುತ್ತದೆ, ನಾನು ಬಿಡುವುದಿಲ್ಲ. ಇಳಿಜಾರಿಗೆ ಇದ್ದ ಹೊಲ ಒಂದೇ, ಮಾಸ್ತರರ ನಿಂಬೆಯ ತೋಟ. ಬೇಸಿಗೆಗೆ ಗಿಡಗಳು ಎಲೆ ಮಡಿಚಿ ನಿಂತಿದ್ದವು.

"ನನ್ನ ಗಿಡಕ್ಕ? ಆ ನೀರು?" ಮಾಸ್ತರರು ಎರಡೂ ಕೈ ಅಡ್ಡ ಹಿಡಿದು ಬದುವಿನ ಮೇಲೆ ನಿಂತರು. "ನಾ ಸತ್ತ ಮ್ಯಾಲ ಬಿಡ್ರಿ!"

"ಕುಡಿಯಾಕ ವಿಷ, ಗಿಡಕ್ಕ ಗೊಬ್ಬರ ಇದ್ದಂಗ್ರಿ," ಎಂದು ನಾನು ಹೇಳಿ ನೋಡಿದೆ. ಅಷ್ಟರಲ್ಲಿ ಅವರ ಹೆಂಡತಿ, ಇನ್ನೂ ಸಣ್ಣಗಾಗಿದ್ದವರು, ಕೋಲೂರಿ ಹೊಲದ ತನಕ ನಡೆದು ಬಂದಿದ್ದರು. ಬಾಡಿದ ನಿಂಬೆ ಗಿಡದ ಒಂದು ಎಲೆ ಮುರಿದು ನೋಡಿದರು.

"ಬಿಡ್ರಿ ನೀರು," ಎಂದರು ಪಂಪಿನವನಿಗೆ.

ಮಾಸ್ತರರು ಬದುವಿನಿಂದ ಇಳಿದರು. ನೀರು ಹರಿಯಿತು. ಹೂಳನ್ನೂ ಅದೇ ಹೊಲಕ್ಕೆ ಹಾಕಿದೆವು. ಮಳೆ ಬಂದು ಬಾವಿ ತುಂಬಿ ಮತ್ತೆ ಖಾಲಿ ಮಾಡಿಸಿ, ಮತ್ತೆ ತುಂಬಿದ ಮೇಲೆ ನಾನು ಮಾದರಿ ತೆಗೆದುಕೊಂಡೆ. ಪೂರಾ ಚೊಕ್ಕವಾಗಲು ಇನ್ನೊಂದು ಮಳೆಗಾಲ ಬೇಕಾಯಿತು. ಅಲ್ಲಿಯ ತನಕ ಓಣಿಗೆ ಸೇಠನ ಟ್ರ್ಯಾಕ್ಟರಿನಲ್ಲಿ ಕುಡಿಯುವ ನೀರು ಬಂತು. ನಾತ ಪೂರ್ತಿ ಹೋಗಲಿಲ್ಲ. ಎಲುಬಿನ ಮಿಲ್ಲು ಅದು, ಮಲ್ಲಿಗೆಯ ಅಂಗಡಿಯಲ್ಲ. ಆದರೆ ಮನೆಯ ಕಿಟಕಿ ತೆರೆಯಬಹುದಿತ್ತು. ಕಂಡಕ್ಟರ್ ಈಗ ಊರಿನ ಹೆಸರು ಕೂಗಬೇಕಾಗುತ್ತಿತ್ತು.

ಬಾವಿಯ ನೀರು ಕುಡಿಯಲು ಯೋಗ್ಯ ಎಂದು ನಾನು ಬರೆದುಕೊಟ್ಟ ಬೇಸಿಗೆಯಲ್ಲಿ ಮಾಸ್ತರರ ಮನೆಯಿಂದ ಊಟಕ್ಕೆ ಕರೆ ಬಂತು. ನಾನು, ಡಾಕ್ಟರ್ ಬಾಯಾರು, ಮತ್ತೆ ನನಗೆ ನಂಬಲಾಗದ ಹಾಗೆ, ಸೇಠ. ಮಾಸ್ತರರ ಹೆಂಡತಿಯೇ ಕರೆಸಿದ್ದರಂತೆ. ಮಾಸ್ತರರು ಸೇಠನಿಗೆ ಸ್ವಲ್ಪ ದೂರ ಮಣೆ ಹಾಕಿದ್ದರು. ಆ ಅಮ್ಮ ಬಂದು ಕಾಲಿನಿಂದ ಅದನ್ನು ಗಂಡನ ಮಣೆಯ ಪಕ್ಕಕ್ಕೆ ಸರಿಸಿ ಹೋದರು.

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಎಲೆಯ ತುದಿಗೆ ನಿಂಬೆಯ ಉಪ್ಪಿನಕಾಯಿ. ಆ ವರ್ಷ, ಬಾವಿಯ ನೀರು ಹೂಳು ಉಂಡ ಆ ತೋಟದ ನಿಂಬೆ ಮೂಸಂಬಿಯಷ್ಟು ಆಗಿತ್ತು. ಅಫಜಲಪುರದ ಸಂತೆಯಲ್ಲಿ ಜನ ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದರಂತೆ. ಡಾಕ್ಟರ್ ಬಾಯಾರು ಎರಡು ಸಲ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ಸೇಠ ಬೆರಳು ನೆಕ್ಕುತ್ತಿದ್ದ. ಮಾಸ್ತರರು ಯಾರ ಮುಖವನ್ನೂ ನೋಡದೆ ರೊಟ್ಟಿ ಮುರಿಯುತ್ತಿದ್ದರು.

ಹೆಂಡತಿ ಅಡುಗೆಮನೆಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮಾಸ್ತರರು ಸೇಠನ ಕಡೆ ಬಾಗಿದರು. ಮೆಲ್ಲ ದನಿ, ಆದರೆ ಶಾಲೆಯ ಕೊನೆಯ ಬೆಂಚಿಗೆ ಕೇಳಿಸಿ ರೂಢಿಯಾದ ದನಿ.

"ಏನ್ರಿ ಸೇಠ್ಜಿ, ಬರೋ ವರ್ಷ ಇನ್ನೊಂದ್ ಸಲ ಬಾವಿ ಕೆಡಸೂಣೇನ್ರಿ?"

ಸೇಠ ನನ್ನ ಕಡೆ ನೋಡಿದ. ನಾನು ಕೇಳಿಸದವನಂತೆ ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.